ತೊರವಿಯ ಹಾದಿಯಲ್ಲಿ ಎರಡು ಉತ್ಸವಗಳು

ಸಂಕ್ರಾಂತಿಗೆ ಇನ್ನೂ ಎರಡು ಮೂರು ದಿನಗಳಿರುವಾಗಲೇ, ಟಿಕೋಟದ ಕಡೆಯಿಂದ ವಿಜಯಪುರಕ್ಕೆ ಬರುವವರು ತೊರವಿಯ ಹತ್ತಿರ ತಮ್ಮ ವಾಹನವನ್ನು ನಿಧಾನಗೊಳಿಸಲೇಬೇಕಾಗುತ್ತದೆ. ಕೊಂಬಿಗೆ ಬಣ್ಣ ಬಳಿದು ಹಣೆಕಟ್ಟು ಕಟ್ಟಿದ ಖಿಲಾರಿ ಎತ್ತುಗಳು ಟೆಂಪೋಗಳಿಂದ ಒಂದೊಂದಾಗಿ ಇಳಿಯುತ್ತಿರುತ್ತವೆ. ಹಗ್ಗ, ಗೆಜ್ಜೆ, ಮೂಗುದಾರ, ಬಾರಕೋಲುಗಳನ್ನು ಹರವಿಕೊಂಡು ಕುಳಿತವರು, ಕಣಕಿಯ ಸೂಡನ್ನು ಲೆಕ್ಕ ಮಾಡುತ್ತಿರುವವರು, ಮೂರು ಕಲ್ಲು ಹೂಡಿ ಚಹಕ್ಕೆ ನೀರಿಟ್ಟವರು, ಎಲ್ಲರೂ ರಸ್ತೆಯ ಬದಿಗೇ ಬಂದಿರುತ್ತಾರೆ. ಇದು ನಗರದ ಆರಾಧ್ಯದೈವವಾದ ಶ್ರೀ ಸಿದ್ಧೇಶ್ವರನ ಜಾತ್ರೆಯ ಅಂಗವಾದ ದನದ ಜಾತ್ರೆ.

ಇದೇ ತೊರವಿಯ ನೆಲದಲ್ಲಿ, ಮಾಳಿಗೆ ಕುಸಿದು ಕಮಾನುಗಳು ಮಾತ್ರ ನಿಂತಿರುವ ಒಂದು ಕಟ್ಟಡವಿದೆ. ಜನ ಅದನ್ನು ಸಂಗೀತ ಮಹಲು ಎನ್ನುತ್ತಾರೆ. ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ಕಟ್ಟತೊಡಗಿದ ನವರಸಪುರವೆಂಬ ನಗರದ ಅಳಿದುಳಿದ ಗುರುತು ಅದು. ಆ ನಗರದ ಹೆಸರಿನಲ್ಲಿ ನವರಸಪುರ ಉತ್ಸವವೆಂದು ಸರ್ಕಾರದ ಕಡೆಯಿಂದ ಒಂದು ಉತ್ಸವವೂ ನಡೆಯುತ್ತ ಬಂದಿದೆ. ನಡೆಯುತ್ತ ಬಂದಿದೆ ಎನ್ನುವುದು ಸ್ವಲ್ಪ ಉದಾರವಾದ ಮಾತು. ಒಂದು ವರ್ಷ ನಡೆದರೆ ಮುಂದೆ ಹಲವು ವರ್ಷ ಅದರ ಸುದ್ದಿಯಿರುವುದಿಲ್ಲ. ದನದ ಜಾತ್ರೆಗೆ ಮಾತ್ರ ಯಾರ ಮಂಜೂರಾತಿಯೂ ಬೇಕಾಗಿಲ್ಲ. ಸಂಕ್ರಾಂತಿ ಬಂದರೆ ಸಾಕು.

ಒಂದೇ ಹಾದಿಯ ಮೇಲೆ ಹೀಗೆ ಎರಡು ಉತ್ಸವಗಳು. ಒಂದು ಅರಸನ ನೆನಪಿನದು, ಇನ್ನೊಂದು ದೇವರ ಹೆಸರಿನದು. ನಮ್ಮ ಊರು ಒಂದು ಕಾಲದಲ್ಲಿ ದೊಡ್ಡ ವ್ಯಾಪಾರದ ಊರಾಗಿತ್ತು. ಆ ವ್ಯಾಪಾರದ ನೆನಪು ಈ ಎರಡರಲ್ಲಿ ಯಾವುದರಲ್ಲಿ ಉಳಿದಿದೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಕೇಳುಗರೊಡನೆ ಅದನ್ನೇ ಇಂದು ಹಂಚಿಕೊಳ್ಳಬೇಕೆಂದಿದ್ದೇನೆ.

ನಮ್ಮ ನಾಡಿನಲ್ಲಿ ಉತ್ಸವಗಳಿಗೆ ಬರವಿಲ್ಲ. ಬನವಾಸಿಯಲ್ಲಿ ಕದಂಬೋತ್ಸವವಿದೆ, ಹಂಪಿಯಲ್ಲಿ ಹಂಪಿ ಉತ್ಸವವಿದೆ, ಕಿತ್ತೂರಿನಲ್ಲಿ ಚೆನ್ನಮ್ಮನ ಉತ್ಸವವಿದೆ, ಬಾದಾಮಿ ಪಟ್ಟದಕಲ್ಲು ಐಹೊಳೆಗಳಿಗಾಗಿ ಚಾಲುಕ್ಯ ಉತ್ಸವವಿದೆ. ಇವೆಲ್ಲ ರಾಜವಂಶಗಳ, ರಾಜಧಾನಿಗಳ, ವೀರರ ಸ್ಮರಣೆಗಳು. ಇರಲಿ, ಬೇಡವೆನ್ನಲು ನಾನು ಯಾರು? ಆದರೆ ಈ ಪಟ್ಟಿಯಲ್ಲಿ ವ್ಯಾಪಾರಿಗಳ ಹೆಸರಿನದು ಒಂದೂ ಇಲ್ಲವಲ್ಲ ಎಂಬುದನ್ನು ಗಮನಿಸಬೇಕು. ಐಹೊಳೆಯಲ್ಲಿಯೇ ಉತ್ಸವ ನಡೆದರೂ ಅಲ್ಲಿ ಮೆರೆಯುವವನು ಪುಲಿಕೇಶಿ; ಐಹೊಳೆಯ ಹೆಸರನ್ನು ಕಡಲಾಚೆಗೆ ಒಯ್ದ ಐನೂರ್ವರಲ್ಲ.

ಈ ಐನೂರ್ವರ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1997ರವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಐಹೊಳೆಗೆ ಶಾಸನಗಳಲ್ಲಿ ಅಯ್ಯಾವೊಳೆ ಎಂದು ಹೆಸರು. ಅಯ್ಯಾವೊಳೆಯ ಐನೂರ್ವರು ಎಂದರೆ ಲೆಕ್ಕಕ್ಕೆ ಸಿಕ್ಕುವ ಐದು ನೂರು ಜನರಲ್ಲ. ಅದೊಂದು ವರ್ತಕ ಸಂಘದ ಬಿರುದು. ಉಭಯನಾನಾದೇಸಿ, ಮುಮ್ಮುರಿದಂಡ, ಗವರೆ, ಸೆಟ್ಟಿಗುತ್ತ ಮುಂತಾದ ಹಲವು ಬಗೆಯ ವರ್ತಕರು ಅದರ ನೆರಳಿನಲ್ಲಿದ್ದರು. ಅವರು ಪಾಲಿಸುತ್ತಿದ್ದ ಕಟ್ಟಳೆಗೆ ವೀರಬಣಂಜುಧರ್ಮವೆಂದು ಹೆಸರು. ಶಿಕಾರಿಪುರದ 11ನೆಯ ಶತಮಾನದ ಶಾಸನವೊಂದು ಈ ಸಂಘವನ್ನು ಹೊಗಳುವ ಸೊಗಸು ನೋಡಬೇಕು. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ನೇಪಾಳಗಳವರೆಗೆ ನೆಲದ ದಾರಿ ನೀರಿನ ದಾರಿಗಳೆರಡರಲ್ಲೂ ಅವರು ಹೋಗುತ್ತಿದ್ದರಂತೆ. ಆನೆ, ಕುದುರೆ, ನೀಲ, ಮುತ್ತು, ವಜ್ರ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಮಾರುತ್ತಿದ್ದರಂತೆ. ದೊಡ್ಡ ಮೊತ್ತದಲ್ಲಿ ಮಾರಿದವರನ್ನಷ್ಟೇ ಅಲ್ಲ, ಹೆಗಲ ಮೇಲೆ ಹೊತ್ತು ಬೀದಿ ಬೀದಿ ಸುತ್ತಿ ಮಾರಿದವರನ್ನೂ ಅದು ಅದೇ ಗೌರವದಿಂದ ನೆನೆಯುತ್ತದೆ. ಅರಸರ ಪ್ರಶಸ್ತಿಗಳನ್ನು ಓದಿ ಓದಿ ಬೇಸತ್ತ ನನ್ನಂಥವನಿಗೆ ಈ ಮಾತು ಬಹಳ ಹಿತವಾದುದು. ಇದೇ ಸಂಘದವರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಲೋಬು ತುವಾ ಎಂಬಲ್ಲಿ ಸಿಕ್ಕಿದೆ. ಅದರ ಕಾಲ 1088. ಮಲಪ್ರಭೆಯ ದಂಡೆಯ ಊರಿನ ಹೆಸರನ್ನು ಬಿರುದಾಗಿ ಹೊತ್ತ ಸಂಘವೊಂದು ಕರ್ಪೂರದ ನಾಡಿನಲ್ಲಿ ಕಲ್ಲು ನಿಲ್ಲಿಸಿತ್ತು!

ಯುರೋಪಿನಲ್ಲಿ ಇದಕ್ಕೆ ಸಮೀಪದ ನಿದರ್ಶನವೆಂದರೆ ಹಾನ್ಸಾ ಒಕ್ಕೂಟ. ಜರ್ಮನಿಯ ಲ್ಯೂಬೆಕ್ ನಗರವನ್ನು ಮುಂದಿಟ್ಟುಕೊಂಡು ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳ ವರ್ತಕ ನಗರಗಳು ಕೂಡಿ ಕಟ್ಟಿಕೊಂಡ ಸಂಘಟನೆಯದು. ಅದರ ಕೊನೆಯ ಮಹಾಸಭೆ 1669ರಲ್ಲಿ ಸೇರಿತು. ಆಮೇಲೆ ಮುನ್ನೂರು ವರ್ಷ ಕಳೆದ ಮೇಲೆ, 1980ರಲ್ಲಿ, ಹಾಲೆಂಡಿನ ಜ್ವೊಲೆ ಎಂಬ ಊರಿನಲ್ಲಿ ಆ ಹಳೆಯ ನಗರಗಳ ಜನ ಮತ್ತೆ ಕೂಡಿದರು. ಅಂದಿನಿಂದ ವರ್ಷಕ್ಕೊಂದು ಊರಿನಲ್ಲಿ ಹಾನ್ಸಾ ದಿನಗಳೆಂಬ ಉತ್ಸವ ನಡೆಯುತ್ತಿದೆ. ಅಲ್ಲಿ ಹಬ್ಬದ ಕೇಂದ್ರ ಸಂತೆ. ಒಂದೊಂದು ಊರೂ ತನ್ನ ಮಳಿಗೆ ಹೂಡುತ್ತದೆ. ಉಪ್ಪು, ಮೀನು, ತುಪ್ಪಳಗಳನ್ನು ಮಾರಿದ ತಾತಂದಿರನ್ನು ನೆನೆಯುವುದು ಅವರಿಗೆ ಸಣ್ಣತನವೆನಿಸಿಲ್ಲ. ನಮ್ಮಲ್ಲಿ ವ್ಯಾಪಾರವೆಂದರೆ ಲಾಭ, ಲಾಭವೆಂದರೆ ಲೋಭ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ರೂಢಿ ಬಿದ್ದಿದೆ. ಸಾಹಿತ್ಯ ಓದಿದವರಲ್ಲಿ ಇದು ಇನ್ನೂ ಹೆಚ್ಚು.

ಈಗ ನಮ್ಮ ನಗರಕ್ಕೆ ಬರೋಣ. ಚಾಲುಕ್ಯ ಎರಡನೆಯ ಸೋಮೇಶ್ವರನ ಕಾಲದ, 1074ರ ಸುಮಾರಿನ ಶಾಸನವೊಂದು ಇಲ್ಲಿನ ಕೋಟೆಯಲ್ಲಿದೆ. ತರ್ದವಾಡಿ ಸಾಸಿರ ನಾಡಿನ ವಿಜಯಪುರದಲ್ಲಿ ನಾಕಿಮಯ್ಯನೆಂಬ ದಂಡನಾಯಕ ಸ್ವಯಂಭು ಸಿದ್ಧೇಶ್ವರನ ಗುಡಿ ಕಟ್ಟಿಸಿದನೆಂದು ಅದು ಹೇಳುತ್ತದೆ. ನಗರದ ಹೆಸರನ್ನು 2014ರ ನವೆಂಬರ್ 1ರಂದು ಮತ್ತೆ ವಿಜಯಪುರವೆಂದು ಮಾಡಿದಾಗ ಈ ಶಾಸನದ ಮಾತು ಬಹಳ ಜನರ ಬಾಯಲ್ಲಿ ಬಂತು. ಅದರ ಜೊತೆಗೆ ಒಂದು ತಪ್ಪೂ ಹಬ್ಬಿತು. ಶಾಸನದ ಸಿದ್ಧೇಶ್ವರನೇ ಇಂದಿನ ಜಾತ್ರೆಯ ಸಿದ್ಧೇಶ್ವರ, ಆದ್ದರಿಂದ ಜಾತ್ರೆಗೆ ಸಾವಿರ ವರ್ಷ ತುಂಬುತ್ತ ಬಂತು ಎಂದು ಭಾಷಣಗಳಲ್ಲಿ ಕೇಳಿದ್ದೇನೆ. ಇದು ಸರಿಯಲ್ಲ. ಜಾತ್ರೆಯ ಸಿದ್ಧೇಶ್ವರ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಶಿವಯೋಗಿ ಸಿದ್ಧರಾಮ. 12ನೆಯ ಶತಮಾನದ ವಚನಕಾರ, ಕೆರೆ ಕಟ್ಟಿಸಿದವನು, ರಾಘವಾಂಕನ ಕಾವ್ಯಕ್ಕೆ ನಾಯಕನಾದವನು. ಶಾಸನ ಹುಟ್ಟಿದಾಗ ಅವನಿನ್ನೂ ಹುಟ್ಟಿರಲಿಲ್ಲ. ಹೆಸರು ಒಂದಾದ ಮಾತ್ರಕ್ಕೆ ದೇವರು ಒಂದಾಗುವುದಿಲ್ಲ.

ಇನ್ನೊಂದು ಆಸೆಯನ್ನೂ ನಾನು ಕಷ್ಟಪಟ್ಟು ತಡೆದುಕೊಂಡಿದ್ದೇನೆ. ಜಾತ್ರೆಯಲ್ಲಿ ನಂದಿಕೋಲುಗಳ ಮೆರವಣಿಗೆ ನಡೆಯುತ್ತದೆ. ವರ್ತಕ ಸಂಘದ ಹಲವು ಶಾಸನಗಳ ತಲೆಯ ಮೇಲೂ ನಂದಿಯ ಚಿತ್ರವಿದೆ. ಇದರಿಂದ ಅದು ಬಂತು ಎಂದು ಗೆರೆ ಎಳೆಯುವುದು ಎಷ್ಟು ಸುಲಭ! ಆದರೆ ನಂದಿ ಶಿವನ ಗುಡಿಯಿರುವ ಊರಿನಲ್ಲೆಲ್ಲ ಇದ್ದಾನೆ. ನಡುವಿನ ಕೊಂಡಿಗಳು ಸಿಕ್ಕದೆ ಹೀಗೆ ಹೇಳುವುದು ವಿದ್ಯಾರ್ಥಿಗಳಿಗೆ ನಾನೇ ಮೂವತ್ತು ವರ್ಷ ಬೇಡವೆಂದ ಕೆಲಸ. ಆದ್ದರಿಂದ ನನ್ನ ಮಾತು ಇಷ್ಟೇ: ದನದ ಜಾತ್ರೆ ಮಧ್ಯಯುಗದ ವಂಶಜ ಎಂಬುದಕ್ಕೆ ದಾಖಲೆಯಿಲ್ಲ. ಆದರೆ ಅದು ನಡೆಯುವ ಹಾದಿ ಮಧ್ಯಯುಗದ ಹಾದಿ. ಅಲ್ಲಿ ನಡೆಯುವ ಕೆಲಸ, ಎಂದರೆ ನಂಬಿಕೆಯ ಮೇಲೆ ಅಪರಿಚಿತರು ಕೊಟ್ಟು ಕೊಳ್ಳುವುದು, ಮಧ್ಯಯುಗದ ಕೆಲಸ.

ಆ ಹಾದಿ ಯಾವುದು? ಆದಿಲಶಾಹಿ ಅರಸರಿಗೆ ಗೋವೆ ಮೊದಲ ದೊಡ್ಡ ಬಂದರವಾಗಿತ್ತು. ಅರಬ್ಬಿ ಕುದುರೆಗಳು ಅಲ್ಲಿ ಇಳಿಯುತ್ತಿದ್ದವು. 1510ರಲ್ಲಿ ಪೋರ್ಚುಗೀಜರು ಗೋವೆಯನ್ನು ಕಿತ್ತುಕೊಂಡ ಮೇಲೆ ಕೊಂಕಣದ ದಾಭೋಳ ಬಂದರದ ಮಹತ್ವ ಹೆಚ್ಚಿತು. ಸರಕು ಮಾತ್ರವಲ್ಲ, ಮಕ್ಕಾ ಯಾತ್ರಿಕರ ಹಡಗುಗಳೂ ಅಲ್ಲಿಂದ ಹೊರಡುತ್ತಿದ್ದವು. ದಾಭೋಳದಿಂದ ಘಟ್ಟ ಹತ್ತಿ ಕರಾಡಕ್ಕೆ ಬಂದು ಅಲ್ಲಿಂದ ಪೂರ್ವಕ್ಕೆ ನಡೆದರೆ ವಿಜಯಪುರ. ಇಂದು ಗುಹಾಗರ–ವಿಜಯಪುರ ಹೆದ್ದಾರಿ ಎಂದು ಕರೆಯುವ ರಸ್ತೆ ಚಿಪಳೂಣ, ಕರಾಡ, ಜತ್ತಗಳ ಮೇಲೆ ಇದೇ ದಿಕ್ಕಿನಲ್ಲಿ ಬರುತ್ತದೆ. ಗುಹಾಗರದ ಕಡೆಯ ದಡದಿಂದ ಖಾಡಿ ದಾಟಿದರೆ ಆಚೆಗೆ ದಾಭೋಳ. ಹೆದ್ದಾರಿಗೆ ಹೆಸರಿಟ್ಟ ಇಂಜಿನಿಯರರಿಗೆ ಗೊತ್ತಿತ್ತೋ ಇಲ್ಲವೋ, ಕಡಲು ಮತ್ತು ವಿಜಯಪುರ ಎಂಬ ಎರಡು ತುದಿಗಳನ್ನು ಅವರು ಮತ್ತೆ ಒಂದೇ ಹೆಸರಿನಲ್ಲಿ ಗಂಟು ಹಾಕಿದ್ದಾರೆ. ಗೋವೆಯ ಕಡೆಯಿಂದ ಬರುವವರಿಗೆ ರಾಯಬಾಗ, ಅಥಣಿಗಳ ಪೇಟೆಗಳು ದಾರಿಯಲ್ಲಿದ್ದವು. ಡಚ್ಚರು 1637ರಲ್ಲಿ ಯೊಹಾನ್ ವಾನ್ ಟ್ವಿಸ್ಟ್ ಎಂಬುವನನ್ನು ವಿಜಯಪುರದ ಆಸ್ಥಾನಕ್ಕೆ ಕಳಿಸಿ ವೆಂಗುರ್ಲೆಯಲ್ಲಿ ಕೋಠಿ ಹಾಕಲು ಅಪ್ಪಣೆ ಪಡೆದರು.

ಜತ್ತದ ದಾರಿಯಾಗಲಿ ಅಥಣಿಯ ದಾರಿಯಾಗಲಿ, ಎರಡೂ ಟಿಕೋಟಕ್ಕೆ ಬಂದು ಕೂಡುತ್ತವೆ. ಟಿಕೋಟದಿಂದ ನಗರಕ್ಕೆ ಸುಮಾರು 20 ಕಿಲೋಮೀಟರು. ಎತ್ತಿನ ಹೇರಿಗೆ ಅದು ಒಂದು ದಿನದ ನಡಿಗೆ. ನಡುವೆ ತೊರವಿ. ಕುಮಾರವಾಲ್ಮೀಕಿ ನರಹರಿಯ ರಾಮಾಯಣಕ್ಕೆ ಹೆಸರು ಕೊಟ್ಟ ತೊರವೆ ಇದೇ. ಅವನು ನೆನೆದ ನರಸಿಂಹನ ಗುಡಿ ಈಗಲೂ ಅಲ್ಲಿದೆ. ತೊರವಿ ದಾಟಿದರೆ ಕೋಟೆಯ ಪಡುವಣ ಬಾಗಿಲಾದ ಮಕ್ಕಾ ದರವಾಜ. ಅದರ ಒಳಗೆ ಕಾಲಿಟ್ಟ ಕೂಡಲೇ ತಾಜ ಬಾವಡಿ. ಸುಮಾರು 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ಈ ಬಾವಿಯ ಕಮಾನಿನ ಎರಡೂ ಬದಿಗೆ ಪ್ರಯಾಣಿಕರು ಇಳಿದುಕೊಳ್ಳಲು ಕೋಣೆಗಳಿವೆ. ಪ್ರವಾಸಿಗಳು ಬಂದು ಕಮಾನಿನ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆ ಕೋಣೆಗಳು ಯಾರಿಗಾಗಿ ಎಂದು ಕೇಳುವವರು ಕಡಿಮೆ. ಧೂಳು ಹೊತ್ತು ಪಡುವಣದಿಂದ ಬಂದವನಿಗೆ ಬೇಕಾದುದು ಮೊದಲು ನೀರು, ಆಮೇಲೆ ನೆರಳು. ನಗರ ಎರಡನ್ನೂ ಬಾಗಿಲಲ್ಲಿಯೇ ಇಟ್ಟಿತ್ತು. ನೈಋತ್ಯದಲ್ಲಿ ಬಬಲೇಶ್ವರದ ಆಚೆಗೆ ಮಮದಾಪುರದಲ್ಲಿ ಮಹಮ್ಮದ ಆದಿಲಶಾಹ 1633ರಲ್ಲಿ ದೊಡ್ಡ ಕೆರೆ ಕಟ್ಟಿಸಿದ. ಈ ಬರಡು ಸೀಮೆಯಲ್ಲಿ ಊರು ಬೆಳೆಯುವುದೂ ಪೇಟೆ ಬೆಳೆಯುವುದೂ ನೀರಿನ ಮೇಲೆಯೇ.

ಒಳಗಿನ ಪೇಟೆ ಹೇಗಿತ್ತು ಎಂಬುದಕ್ಕೆ ಒಬ್ಬ ಒಳ್ಳೆಯ ಸಾಕ್ಷಿಯಿದ್ದಾನೆ. ಅಕ್ಬರ ಬಾದಶಹನ ದೂತನಾಗಿ 1603–04ರ ಸುಮಾರಿಗೆ ಇಲ್ಲಿಗೆ ಬಂದ ಅಸದ್ ಬೇಗ್. ಮೂವತ್ತು ಗಜ ಅಗಲ, ಎರಡು ಕ್ರೋಶ ಉದ್ದದ ಬೀದಿ. ಒಂದೊಂದು ಅಂಗಡಿಯ ಮುಂದೆಯೂ ಹಸಿರು ಮರ. ರತ್ನ ಕೆತ್ತಿದ ಗಿಳಿ ಪಾರಿವಾಳ ನವಿಲುಗಳ ಬೊಂಬೆಗಳನ್ನಿಟ್ಟ ಆಭರಣದ ಅಂಗಡಿ, ಅದರ ಪಕ್ಕದಲ್ಲಿಯೇ ರೊಟ್ಟಿ ಸುಡುವವನು, ಬಟ್ಟೆಯವನು, ಅತ್ತರಿನವನು, ಹಣ್ಣಿನವನು, ಮದ್ಯದವನು. ದಿಲ್ಲಿ ಆಗ್ರಾಗಳನ್ನು ಬಲ್ಲ ಮನುಷ್ಯ ಇಷ್ಟು ಬೆರಗಾಗಿ ಬರೆದಿದ್ದಾನೆಂದರೆ ನಾವು ನಂಬಬಹುದು. ಅವನು ಇಲ್ಲಿಂದ ಆಗ್ರಾಕ್ಕೆ ಒಯ್ದ ವಸ್ತುಗಳಲ್ಲಿ ಒಂದು ತಂಬಾಕು. ಪೋರ್ಚುಗೀಜರ ಹಡಗುಗಳಲ್ಲಿ ಬಂದು ವಿಜಯಪುರದ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಆ ಎಲೆಯನ್ನು ಅವನು ಸೇದುವ ಕೊಳವೆಯ ಸಮೇತ ಅಕ್ಬರನ ಮುಂದಿಟ್ಟ. ಹಕೀಮರು ಬೇಡವೆಂದರು, ಬಾದಶಹ ಒಂದೆರಡು ಸಲ ಎಳೆದು ಬಿಟ್ಟ, ಆಸ್ಥಾನದವರು ಮಾತ್ರ ಬಿಡಲಿಲ್ಲ. ಇದನ್ನು ನಗರದ ಕೀರ್ತಿಗೆ ಸೇರಿಸಬೇಕೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಸಸಿಯೊಂದು ಉತ್ತರದ ಬಾದಶಹನನ್ನು ಮುಟ್ಟಬೇಕಾದರೆ ನಮ್ಮ ಪೇಟೆಯ ಮೂಲಕ ಹೋಗಬೇಕಾಯಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಇಂಥ ಪೇಟೆಯ ನಗರ ಕೈಯಲ್ಲಿದ್ದಾಗಲೇ ಇಬ್ರಾಹಿಂ ನವರಸಪುರವನ್ನು ಕಟ್ಟಲು ಹೊರಟ. ಅವನು ಸಂಗೀತಗಾರ, ಕವಿ. ಸರಸ್ವತಿಯನ್ನೂ ಗಣಪತಿಯನ್ನೂ ದಖನಿ ಭಾಷೆಯಲ್ಲಿ ಹಾಡಿ ಹೊಗಳಿದ ಕಿತಾಬ್-ಎ-ನವರಸ್ ಅವನ ಕೃತಿ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮಗುವಿನಂತೆ ಕಂಡವನು. ಅವನ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ಅವನ ಹೊಸ ನಗರದ ಕಥೆಯಲ್ಲಿ ಉತ್ಸವದ ವೇದಿಕೆಯಿಂದ ಯಾರೂ ಹೇಳದ ಒಂದು ಭಾಗವಿದೆ. ಹಾಡಿನಿಂದ ಮಾತ್ರ ಊರು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಮೀರರ ಜೊತೆಗೆ ವರ್ತಕರೂ ಅಲ್ಲಿ ಮನೆ ಮಳಿಗೆಗಳನ್ನು ಕಟ್ಟಿಕೊಳ್ಳಬೇಕೆಂದು ಅವನ ಅಪ್ಪಣೆಯಾಯಿತು. ಸುಮಾರು 20,000 ಕೆಲಸಗಾರರು ದುಡಿದರೆಂದು ಹೇಳುತ್ತಾರೆ. ಜೋಯಿಸರು ಅಪಶಕುನ ಹೇಳಿದ್ದರಿಂದ ಕೋಟೆಯ ಗೋಡೆ ಅರ್ಧಕ್ಕೆ ನಿಂತಿತೆಂಬುದು ಜನರ ಹೇಳಿಕೆ. ಆ ಗೋಡೆಯಿಲ್ಲದ ಊರಿಗೆ 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ನುಗ್ಗಿ ಸುಲಿದು ಹಾಳು ಮಾಡಿದ. ಕಟ್ಟತೊಡಗಿ ಇಪ್ಪತ್ತೈದು ವರ್ಷವಾಗಿತ್ತು. ಅಪ್ಪಣೆಯಿಂದ ಬಂದ ವರ್ತಕರು ಅಲ್ಲಿ ಮತ್ತೆ ಊರು ಕಟ್ಟಲಿಲ್ಲ. ಪೇಟೆ ಎಂಬುದು ಅರಸನ ಅಪ್ಪಣೆಯಿಂದ ಹುಟ್ಟುವುದಕ್ಕಿಂತ ಹಾದಿಗಳು ಕೂಡುವಲ್ಲಿ ತಾನಾಗಿ ಹುಟ್ಟುವುದೇ ಹೆಚ್ಚು. ನವರಸಪುರ ಉತ್ಸವ ವರ್ಷ ಬಿಟ್ಟು ವರ್ಷ ಏಕೆ ಮರೆಯಾಗುತ್ತದೆ ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರವೂ ಇದೇ. ಅದಕ್ಕೂ ಅಪ್ಪಣೆಯೇ ಆಧಾರ.

ಈ ಹಾದಿಯ ನಿಜವಾದ ಒಡೆಯರು ಹೇರಿನ ಎತ್ತುಗಳು. ಬಂಡಿಯ ಗಾಲಿ ಘಟ್ಟ ಹತ್ತಲಾರದು; ಎತ್ತಿನ ಬೆನ್ನಿನ ಎರಡೂ ಕಡೆಗೆ ಗೋಣಿಯ ಚೀಲ ಇಳಿಬಿಟ್ಟರೆ ಎಲ್ಲಿಗೂ ಹೋಗಬಹುದು. ಕೊಂಕಣದ ಉಪ್ಪು, ತೆಂಗಿನಕಾಯಿಗಳು ಮೇಲಕ್ಕೆ ಬಂದರೆ ನಮ್ಮ ಕಡೆಯ ಅರಳೆ, ಕಾಳುಕಡಿ ಕೆಳಕ್ಕೆ ಹೋಗುತ್ತಿದ್ದವು. ಇಂದು ನಮ್ಮ ಸುತ್ತಿನ ತಾಂಡಾಗಳಲ್ಲಿರುವ ಲಂಬಾಣಿಗಳ ಪೂರ್ವಜರು ಇಂಥ ಸಾವಿರಾರು ಎತ್ತುಗಳನ್ನು ಹೊಡೆದುಕೊಂಡು ದಂಡಿನವರಿಗೂ ಪೇಟೆಯವರಿಗೂ ದವಸ ಒದಗಿಸಿದವರು. ಬಣಜಿಗ, ಬಣಜಾರ ಎಂಬ ಎರಡು ಮಾತುಗಳನ್ನೂ ವಿದ್ವಾಂಸರು ವಣಿಜ ಎಂಬ ಒಂದೇ ಮೂಲಕ್ಕೆ ಒಯ್ಯುತ್ತಾರೆ. ಗದ್ದುಗೆಯ ಮೇಲೆ ಕೂತು ಲೆಕ್ಕ ಬರೆದವನೂ ಬಿಸಿಲಲ್ಲಿ ಎತ್ತಿನ ಹಿಂದೆ ನಡೆದವನೂ ಭಾಷೆಯ ದೃಷ್ಟಿಯಿಂದ ಅಣ್ಣತಮ್ಮಂದಿರು. ಶಾಸನಗಳು ಈ ಹೇರನ್ನು ಮರೆತಿಲ್ಲ. ದೇವರಿಗೆ ದತ್ತಿ ಬಿಡುವಾಗ ವರ್ತಕರು ನೆಲ ಕೊಡುವುದಕ್ಕಿಂತ ಹೆಚ್ಚಾಗಿ ತಮ್ಮ ವ್ಯವಹಾರದ ಒಂದು ಪಾಲನ್ನು ಕೊಡುತ್ತಿದ್ದರು: ಎಲೆಯ ಹೇರಿಗೆ ಇಷ್ಟು ಎಲೆ, ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ, ಮಾರಿದ ಸರಕಿಗೆ ಒಂದು ವೀಸ, ಒಂದು ಹಾಗ. ವೀಸವೆಂದರೆ ಪಣದ ಹದಿನಾರನೆಯ ಒಂದು ಭಾಗ, ಹಾಗವೆಂದರೆ ಕಾಲು ಭಾಗ. ಸಣ್ಣ ಸಣ್ಣ ಪಾಲುಗಳು, ಆದರೆ ಪೇಟೆ ನಡೆಯುವವರೆಗೆ ದೀಪ ಉರಿಯುತ್ತದೆ. ಅರಸನ ದತ್ತಿಗೂ ಸಂತೆಯ ದತ್ತಿಗೂ ಇರುವ ಅಂತರ ಇದು.

1686ರಲ್ಲಿ ಔರಂಗಜೇಬನಿಗೆ ನಗರ ಸೋತ ಮೇಲೆ ಪೇಟೆ ಬಡವಾಯಿತು. ಹಾದಿಯ ಮುಖವನ್ನೇ ತಿರುಗಿಸಿದ್ದು ಮಾತ್ರ 1884ರಲ್ಲಿ ಬಂದ ರೈಲು. ಹೊಟಗಿಯಿಂದ ಗದಗಿಗೆ ಹೋಗುವ ಆ ದಾರಿ ನಗರವನ್ನು ಉತ್ತರ ದಕ್ಷಿಣವಾಗಿ ಸೀಳಿತು. ಅಂದಿನಿಂದ ನಮ್ಮ ಅರಳೆ, ಜೋಳಗಳು ಸೊಲ್ಲಾಪುರದ ಕಡೆಗೆ ನೋಡತೊಡಗಿದವು. ಪಡುವಣದ ಮಕ್ಕಾ ದರವಾಜಕ್ಕೆ ಬೆನ್ನು ತಿರುಗಿತು. ಟಿಕೋಟದ ಹಾದಿಯಲ್ಲಿ ಉಳಿದುದು ಸಂತೆಯ ಜನ ಮತ್ತು ಜಾತ್ರೆಯ ಎತ್ತು.

ಆ ಎತ್ತುಗಳ ಜೊತೆ ನಾನೂ ಒಮ್ಮೆ ನಡೆದಿದ್ದೇನೆ. 1972ರ ಬರಗಾಲವನ್ನು ಕಂಡವರಿಗೆ ಅದರ ವರ್ಣನೆ ಬೇಡ. ನಮ್ಮ ಮನೆ ಟಿಕೋಟದ ಹತ್ತಿರದ ಹಳ್ಳಿಯಲ್ಲಿತ್ತು. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಬಣವೆ ತೀರಿತ್ತು. ನನಗೆ ಆಗ ಹನ್ನೆರಡು ವರ್ಷ. ಅಪ್ಪ ಒಂದು ಜೋಡಿ ಎತ್ತುಗಳನ್ನು ಜಾತ್ರೆಗೆ ಹೊಡೆದುಕೊಂಡು ಹೊರಟಾಗ ನಾನೂ ಹಟ ಹಿಡಿದು ಹೋದೆ. ಬೆಳಗಿನ ಜಾವ ಹೊರಟವರು ತೊರವಿಗೆ ಬರುವಷ್ಟರಲ್ಲಿ ಹೊತ್ತು ಏರಿತ್ತು. ಹಾಳುಬಿದ್ದ ಕಮಾನುಗಳನ್ನು ತೋರಿಸಿ, ಅಲ್ಲಿ ಯಾರಿದ್ದರೆಂದು ಕೇಳಿದೆ. "ಯಾರೋ ಹಾಡಾವ್ರು ಇದ್ರಂತಪ್ಪಾ, ನಡಿ" ಎಂದರು ಅಪ್ಪ.

ಜಾತ್ರೆಯಲ್ಲಿ ಕೊಳ್ಳುವವರಿಗಿಂತ ಮಾರುವವರು ಹೆಚ್ಚು. ದಲಾಲಿಯೊಬ್ಬ ಬಂದು ಎತ್ತಿನ ತುಟಿ ಎತ್ತಿ ಹಲ್ಲು ನೋಡಿದ, ಮೈಮೇಲಿನ ಸುಳಿ ನೋಡಿದ, ನಾಲ್ಕು ಹೆಜ್ಜೆ ನಡೆಸಿ ನೋಡಿದ. ಆಮೇಲೆ ಹೆಗಲ ಟವೆಲ್ಲು ತೆಗೆದು ಅಪ್ಪನ ಕೈಯ ಮೇಲೆ ಹಾಕಿ ಅದರ ಕೆಳಗೆ ತನ್ನ ಕೈ ತೂರಿಸಿದ. ಮಾತಿಲ್ಲ. ಟವೆಲ್ಲು ಮಾತ್ರ ಅಲುಗುತ್ತಿತ್ತು. ಈ ಪದ್ಧತಿಯನ್ನು ಕಾಣದವರಿಗಾಗಿ ಹೇಳುತ್ತೇನೆ: ಹಿಡಿದ ಬೆರಳು ಎಷ್ಟೋ ಅಷ್ಟು ಬೆಲೆ, ಅದು ಹತ್ತೋ ನೂರೋ ಸಾವಿರವೋ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಸುತ್ತ ನಿಂತ ಯಾರಿಗೂ ಅಂಕಿ ಕೇಳಿಸುವುದಿಲ್ಲ. ಒಬ್ಬನ ಕಷ್ಟದ ಬೆಲೆ ಇನ್ನೊಬ್ಬನ ಎತ್ತಿನ ಬೆಲೆಯನ್ನು ಕೆಡಿಸಬಾರದೆಂದು ಈ ಏರ್ಪಾಟು ಎಂದು ಆಮೇಲೆ ಯಾರೋ ಹೇಳಿದರು. ನನಗೆ ಇನ್ನೊಂದು ಕಾರಣವೂ ತೋರುತ್ತದೆ. ಅಂದು ಅಪ್ಪನ ಎತ್ತುಗಳು ಎಷ್ಟಕ್ಕೆ ಹೋದವೆಂದು ಪಕ್ಕದಲ್ಲಿಯೇ ನಿಂತಿದ್ದ ಮಗನಿಗೂ ತಿಳಿಯಲಿಲ್ಲ. ಮುಂದೆ ಅವರು ಬದುಕಿದ್ದ ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹಗ್ಗ ಗೆಜ್ಜೆಗಳನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮರಳಿ ನಡೆದರು. ಆ ಗೆಜ್ಜೆ ಈಗ ನನ್ನ ಮನೆಯಲ್ಲಿದೆ.

ಉತ್ಸವಗಳ ಬಗ್ಗೆ ಮಾತನಾಡುವಾಗ ನನಗೆ ಈ ಟವೆಲ್ಲು ನೆನಪಾಗುತ್ತದೆ. ವ್ಯಾಪಾರದ ಪರಂಪರೆ ಎಂದರೆ ರತ್ನದ ಗಿಳಿಗಳಷ್ಟೇ ಅಲ್ಲ. ಬರದ ವರ್ಷದಲ್ಲಿ ಮಾರುವವನ ಮಾನ ಉಳಿಸುವ ಒಂದು ತುಂಡು ಬಟ್ಟೆಯೂ ಹೌದು. ಆದರೆ ಈ ಪರಂಪರೆ ಇನ್ನೆಷ್ಟು ದಿನ? ಟ್ರ್ಯಾಕ್ಟರು ಬಂದ ಮೇಲೆ ಎತ್ತು ಕಟ್ಟುವ ಮನೆಗಳು ಕಡಿಮೆಯಾಗಿವೆ. ಟಿಕೋಟ, ಬಬಲೇಶ್ವರಗಳು ಈಗ ತಾಲ್ಲೂಕು ಕೇಂದ್ರಗಳು. ಕೃಷ್ಣೆಯ ನೀರು ಏತದಿಂದ ಹತ್ತಿ ಬಂದು ಕೆರೆಗಳನ್ನು ಮುಟ್ಟಿದೆ. ಜೋಳದ ಹೊಲಗಳಲ್ಲಿ ದ್ರಾಕ್ಷಿಯ ಚಪ್ಪರಗಳೆದ್ದಿವೆ. ಇದನ್ನು ಕಂಡು ಕೊರಗುವವನು ನಾನಲ್ಲ. 1972ನ್ನು ಕಂಡವರು ಯಾರೂ ನೀರು ಬಂದುದಕ್ಕೆ ಕೊರಗಲಾರರು. ನೆರಳಿನ ಶೆಡ್ಡುಗಳಲ್ಲಿ ಒಣಗಿದ ದ್ರಾಕ್ಷಿ, ನಮ್ಮವರ ಮಾತಿನಲ್ಲಿ ಮಣೂಕ, ಪೆಟ್ಟಿಗೆ ತುಂಬಿ ತಾಸಗಾಂವ, ಸಾಂಗಲಿಗಳ ಪೇಟೆಗೆ ಹೋಗುತ್ತದೆ. ಗಮನಿಸಿದಿರಾ, ಪಡುವಣಕ್ಕೆ! ರೈಲು ತಿರುಗಿಸಿದ ಮುಖವನ್ನು ದ್ರಾಕ್ಷಿ ಮತ್ತೆ ಹಳೆಯ ದಿಕ್ಕಿಗೆ ತಿರುಗಿಸಿದೆ.

ಹಾಗಾದರೆ ನವರಸಪುರ ಉತ್ಸವ ಬೇಡವೆ? ಬೇಕು. ಇಬ್ರಾಹಿಂನ ಹಾಡುಗಳನ್ನು ಅವನ ನೆಲದಲ್ಲಿ ಕೇಳುವ ಭಾಗ್ಯ ದೊಡ್ಡದು. ನನ್ನ ಸೂಚನೆ ಸಣ್ಣದು. ಅದು ಸಂಕ್ರಾಂತಿಯ ದನದ ಜಾತ್ರೆಯ ಮಗ್ಗುಲಿಗೇ ನಡೆಯಲಿ; ಹೊರಗಿನಿಂದ ಕರೆತಂದ ಕಲಾವಿದರ ವೇದಿಕೆಗೆ ಎಷ್ಟು ಜಾಗವೋ ಮಣೂಕದ ಪೆಟ್ಟಿಗೆಗೂ ಹಗ್ಗದವನ ಅಂಗಡಿಗೂ ಅಷ್ಟೇ ಜಾಗವಿರಲಿ; ತಾಜ ಬಾವಡಿಯ ಕೋಣೆಗಳ ಮುಂದೆ ಅವು ಯಾರಿಗಾಗಿ ಕಟ್ಟಿದವೆಂದು ಕನ್ನಡದಲ್ಲಿ ಎರಡು ಸಾಲು ಬರೆದಿಡಲಿ. ಜಾತ್ರೆಗೆ ಇದರಿಂದ ಆಗಬೇಕಾದುದು ಏನೂ ಇಲ್ಲ. ಉತ್ಸವಕ್ಕೆ ಮಾತ್ರ ವರ್ಷ ವರ್ಷವೂ ಬರುವ ಜನ ಸಿಕ್ಕುತ್ತಾರೆ. ತೊರವಿಯ ಬಯಲು ನಗರದ ಬೆಳವಣಿಗೆಯಲ್ಲಿ ಕರಗುವ ಮೊದಲು ಇದು ಆಗಬೇಕು. ಆ ಕಡೆ ಪ್ಲಾಟುಗಳ ಕಲ್ಲುಗಳು ಏಳುವುದನ್ನು ನಾನು ಪ್ರತಿ ವರ್ಷ ನೋಡುತ್ತಿದ್ದೇನೆ.

ಕಳೆದ ಸಂಕ್ರಾಂತಿಗೆ ಮೊಮ್ಮಗನನ್ನು ಕರೆದುಕೊಂಡು ಜಾತ್ರೆಗೆ ಹೋಗಿದ್ದೆ. ಬಿಳಿಯ ಖಿಲಾರಿ ಹೋರಿಯೊಂದರ ಮುಂದೆ ಮುದುಕರೊಬ್ಬರು ಕಂಬಳಿ ಹಾಸಿ ಕುಳಿತಿದ್ದರು. ಹುಡುಗ ಬೆಲೆ ಕೇಳಿದ. ಅವರು ನಕ್ಕು ಟವೆಲ್ಲು ತೆಗೆದು ಅವನ ಕೈಯ ಮೇಲೆ ಹಾಕಿ ಬೆರಳು ಹಿಡಿದರು. ಎಷ್ಟೆಂದರು ಎಂದು ನಾನು ಕೇಳಿದರೆ ಹುಡುಗ, "ಹೇಳಬಾರದಂತ ಮುತ್ಯಾ" ಎಂದ. ಅವರಿಗೆ ಎಲ್ಲಿಂದ ಬಂದಿರಿ, ಯಾವ ದಾರಿಯಿಂದ ಬಂದಿರಿ ಎಂದು ಕೇಳಿದೆ.

"ಜತ್ತದ ಕಡಿಂದ್ರಿ ಸರ. ಟಿಕೋಟದ ಮ್ಯಾಲೆ ಬಂದೀವಿ. ಮತ್ತ್ಯಾವ ದಾರಿ ಐತ್ರಿ?" ಎಂದರು.